ಏಟು ಬೀಳುವ ಮುಂಚಿನ ಅರ್ಧ ಗಂಟೆ

ನನ್ನ ಕುತ್ತಿಗೆಯಲ್ಲಿ ಐಡಿ ಕಾರ್ಡಿನ ನೀಲಿ ಪಟ್ಟಿ ಒಂದಿತ್ತು. ಅದು ಅಷ್ಟು ಗಟ್ಟಿ ಅಂತ ಆ ರಾತ್ರಿಯವರೆಗೆ ನನಗೆ ಗೊತ್ತಿರಲಿಲ್ಲ. ಎರಡು ಗಂಟೆ ದಾಟಿತ್ತು. ತುರ್ತು ವಿಭಾಗದ ಕೌಂಟರಿನ ಆಚೆಯಿಂದ ಒಂದು ಕೈ ಬಂತು, ಪಟ್ಟಿ ಹಿಡಿದು ಎಳೆಯಿತು. ನನ್ನ ಹಣೆ ಕೌಂಟರಿನ ಅಂಚಿಗೆ ಬಡಿಯಿತು. ನೋವು ಗೊತ್ತಾಗುವ ಮೊದಲು ತಲೆಗೆ ಬಂದದ್ದು ಒಂದೇ: ಈಗಷ್ಟೇ ಬರೆದ ಬಿಪಿ ಚಾರ್ಟ್ ಮೇಲೆ ರಕ್ತ ಬಿದ್ದು ಹಾಳಾಗುತ್ತೆ.

ರಕ್ತ ಬೀಳಲಿಲ್ಲ. ಪಟ್ಟಿ ಹರಿಯಲೂ ಇಲ್ಲ. ತೊಂದರೆ ಆಗಿದ್ದೇ ಅದರಿಂದ. ಹರಿದಿದ್ದರೆ ನಾನು ಹಿಂದಕ್ಕೆ ಸರಿಯುತ್ತಿದ್ದೆ. ಹರಿಯದ್ದರಿಂದ ಆತ ಎಳೆದಷ್ಟೂ ಆತನ ಹತ್ತಿರಕ್ಕೇ ಹೋದೆ. ವಾರ್ಡ್ ಬಾಯ್ ಓಡಿ ಬಂದು ಕೈ ಬಿಡಿಸಿದ. ಎಲ್ಲ ಸೇರಿ ಒಂದು ನಿಮಿಷ ಆಗಿರಬೇಕು ಅಂದುಕೊಂಡಿದ್ದೆ. ಆಮೇಲೆ ಕ್ಯಾಮೆರಾದಲ್ಲಿ ನೋಡಿದರೆ ಬರೀ ಒಂಬತ್ತು ಸೆಕೆಂಡು.

ಮುಖ ತೊಳೆದುಕೊಂಡು ಬಂದೆ. ಮೂರನೇ ಬೆಡ್ಡಿಗೆ ಆಂಟಿಬಯೋಟಿಕ್ ಕೊಡುವ ಹೊತ್ತಾಗಿತ್ತು, ಕೊಟ್ಟೆ. ನಾನು ನರ್ಸ್ ಆಗಿ ಆಗ 17 ವರ್ಷ. ಇದೇನೂ ಮೊದಲ ಏಟಲ್ಲ. ಕಚ್ಚಿಸಿಕೊಂಡಿದ್ದೇನೆ, ಉಗುಳಿಸಿಕೊಂಡಿದ್ದೇನೆ, ಒಮ್ಮೆ ಸ್ಟೀಲ್ ಟ್ರೇ ಕಿವಿ ಪಕ್ಕದಲ್ಲೇ ಹಾರಿ ಹೋಗಿದೆ. ಬೈಗುಳಕ್ಕಂತೂ ಲೆಕ್ಕವಿಲ್ಲ. ಇದರಲ್ಲಿ ಒಂದನ್ನೂ ಎಲ್ಲೂ ಬರೆದಿಟ್ಟಿರಲಿಲ್ಲ. ಬರೆಯೋದೇನು, ಇದೆಲ್ಲ ಕೆಲಸದ ಜೊತೆ ಬರೋದೇ ಅಲ್ವಾ?

ಆವತ್ತು ಡ್ಯೂಟಿಯಲ್ಲಿದ್ದ ಕಿರಿಯ ಡಾಕ್ಟರ್ ಮಾತ್ರ ಬಿಡಲಿಲ್ಲ. ಕುರ್ಚಿಯಲ್ಲಿ ಕೂರಿಸಿದರು. ತಲೆ ಸುತ್ತುತ್ತಾ, ವಾಂತಿ ಬರೋ ಹಾಗಿದೆಯಾ, ಎರಡೆರಡು ಕಾಣುತ್ತಾ ಅಂತ ರೋಗಿಯನ್ನು ಕೇಳುವ ಹಾಗೇ ಕೇಳಿದರು. ಕುತ್ತಿಗೆಯ ಹಿಂದೆ ಎದ್ದಿದ್ದ ಕೆಂಪು ಬರೆಯ ಪಕ್ಕ ಸ್ಕೇಲ್ ಇಟ್ಟು ಫೋಟೊ ತೆಗೆದರು. 'ನಾಳೆ ಇದು ಮಾಯ ಆಗುತ್ತೆ ಸಿಸ್ಟರ್, ಕಾಗದ ಇರುತ್ತೆ' ಅಂದರು. ನನಗೆ ಒಳಗೊಳಗೇ ನಾಚಿಕೆ. ಆರೈಕೆ ಮಾಡಿ ಅಭ್ಯಾಸ ಇರುವವರಿಗೆ ಮಾಡಿಸಿಕೊಳ್ಳಲು ಬರುವುದಿಲ್ಲ.

ಬೆಳಿಗ್ಗೆ ಏಳಕ್ಕೆ, ಮನೆಗೆ ಹೊರಡುವ ಮೊದಲು, ಘಟನೆಯ ವರದಿ ಫಾರ್ಮ್ ಕೈಗೆ ಬಂತು. ನಾಲ್ಕು ಪುಟ. ಹೆಸರು, ಹೊತ್ತು, ಜಾಗ, ಗಾಯ ಎಲ್ಲ ಬೇಗ ಬೇಗ ತುಂಬಿದೆ. ಮೂರನೇ ಪುಟದಲ್ಲಿ ಒಂದು ಪ್ರಶ್ನೆ ಇತ್ತು: 'ಘಟನೆಗೆ ಮುಂಚಿನ 30 ನಿಮಿಷದಲ್ಲಿ ಏನೇನಾಯಿತು?' ಅಲ್ಲಿ ಪೆನ್ನು ನಿಂತಿತು.

ಏನೂ ಆಗಿರಲಿಲ್ಲ, ಇದ್ದಕ್ಕಿದ್ದ ಹಾಗೆ ಹೊಡೆದ. ಹಾಗಂತಲೇ ಬರೆಯಲು ಹೊರಟಿದ್ದೆ. ಬರೆಯುವಾಗ ಒಂದೊಂದಾಗಿ ನೆನಪಾಗತೊಡಗಿತು. ಆತ ತಾಯಿಯನ್ನು ಕರೆದುಕೊಂಡು ಬಂದು ಮೂರು ಗಂಟೆಯಾಗಿತ್ತು. ಕೌಂಟರಿಗೆ ನಾಲ್ಕು ಸಲ ಬಂದಿದ್ದ. ಮೊದಲ ಸಲ ಕೈಕಟ್ಟಿಕೊಂಡು, ಮೆಲ್ಲಗೆ ಕೇಳಿದ್ದ. ಎರಡನೇ ಸಲ ಬೇರೆ ಯಾರೋ ಇದ್ದರು, 'ಸ್ವಲ್ಪ ಕಾಯಿರಿ' ಅಂದರು. ಮೂರನೇ ಸಲ ಆತ ಕುಳಿತುಕೊಳ್ಳಲೇ ಇಲ್ಲ. ಗೋಡೆಯಿಂದ ಗೋಡೆಗೆ ಓಡಾಡುತ್ತಿದ್ದ. ಫೋನಲ್ಲಿ ಯಾರಿಗೋ ಜೋರಾಗಿ ಏನೋ ಹೇಳುತ್ತಿದ್ದ. ಅವನಿಗಿಂತ ಆಮೇಲೆ ಬಂದ ಇಬ್ಬರನ್ನು ನಾವು ಒಳಗೆ ಕರೆದಿದ್ದೆವು. ಒಬ್ಬರಿಗೆ ಎದೆನೋವು, ಇನ್ನೊಬ್ಬರಿಗೆ ಉಸಿರಾಟದ ತೊಂದರೆ. ನಮಗೆ ಅದು ಸರಿಯಾದ ಸರದಿ. ಆತನಿಗೆ ಅದು ಮೋಸ. ಯಾಕೆ ಹಾಗೆ ಅಂತ ನಮ್ಮಲ್ಲಿ ಯಾರೂ ಹೇಳಿರಲಿಲ್ಲ. ನಾಲ್ಕನೇ ಸಲ ಬಂದಾಗ ನಾನಿದ್ದೆ. ಚಾರ್ಟ್ ಬರೆಯುತ್ತಿದ್ದೆ. ತಲೆ ಎತ್ತದೆ 'ಕರೀತೀವಿ, ಕೂತ್ಕೊಳ್ಳಿ' ಅಂದೆ.

ಹಾಗಂತ ತಪ್ಪು ನನ್ನದು ಅಂತ ನಾನು ಒಪ್ಪುವುದಿಲ್ಲ. ಮೂರು ಗಂಟೆ ಕಾದವರೆಲ್ಲ ಯಾರ ಕುತ್ತಿಗೆಗೂ ಕೈ ಹಾಕುವುದಿಲ್ಲ. ಏಟು ಏಟೇ, ಕೊಟ್ಟವರದ್ದೇ ತಪ್ಪು. ಆದರೆ ಅದು ಆಕಾಶದಿಂದ ಬಿದ್ದ ಸಿಡಿಲೂ ಆಗಿರಲಿಲ್ಲ. ಅರ್ಧ ಗಂಟೆ ಮೊದಲೇ ಮೋಡ ಕವಿದಿತ್ತು. ನೋಡಲು ಪುರುಸೊತ್ತು ಇರಲಿಲ್ಲ, ಅಷ್ಟೇ. ಈಗ ಕಾಗದದಲ್ಲಿ ಸಾಲಾಗಿ ಬರೆದ ಮೇಲೆ ಚೆನ್ನಾಗಿ ಕಾಣುತ್ತಿತ್ತು.

ಪೊಲೀಸ್ ದೂರಿನ ಭಾಗ ಬೇಗ ಹೇಳಿ ಮುಗಿಸುತ್ತೇನೆ. ದೂರನ್ನು ಆಸ್ಪತ್ರೆಯ ಹೆಸರಿನಲ್ಲೇ ಕೊಟ್ಟರು. ಅದರಲ್ಲಿ ನನ್ನ ಮನೆ ವಿಳಾಸ ಇರಲಿಲ್ಲ, ಆಸ್ಪತ್ರೆಯದ್ದೇ ಇತ್ತು. ಇದನ್ನು ಮಾಡಿಸಿಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ. ಹೊಡೆದವನ ಕೈಗೆ ಹೊಡೆಸಿಕೊಂಡವಳ ವಿಳಾಸ ಸಿಗುವುದು ಎಂಥ ನ್ಯಾಯ? ಕ್ಯಾಮೆರಾದ ದೃಶ್ಯವನ್ನು ಅದೇ ದಿನ ಬೇರೆ ತೆಗೆದಿಟ್ಟರು. ಎಷ್ಟೋ ಕಡೆ ಹಳೆಯದರ ಮೇಲೆ ಹೊಸದು ತಾನಾಗೇ ರೆಕಾರ್ಡ್ ಆಗಿಬಿಡುತ್ತದೆ.

ಏಟಿನ ನೋವು ಎರಡು ದಿನಕ್ಕೆ ಹೋಯಿತು. ಉಳಿದದ್ದು ಬೇರೆ. ಯಾರಾದರೂ ಕೌಂಟರಿನ ಮೇಲೆ ಕೈ ಇಟ್ಟರೆ ನನ್ನ ಕಾಲು ತಾನಾಗಿ ಒಂದು ಹೆಜ್ಜೆ ಹಿಂದೆ ಹೋಗುತ್ತಿತ್ತು. ರಾತ್ರಿ ಪಾಳಿಗೆ ಹೊರಡುವ ಹೊತ್ತಿಗೆ ಹೊಟ್ಟೆಯೊಳಗೆ ಏನೋ ಗಂಟು ಕಟ್ಟಿದ ಹಾಗೆ. ಹತ್ತನೇ ದಿನವೋ ಏನೋ, ಮೇಲ್ವಿಚಾರಕಿ ಕರೆದು ಕೂರಿಸಿ 'ಈಗ ಹೇಗಿದ್ದೀಯ?' ಅಂದರು. ಚೆನ್ನಾಗಿದ್ದೀನಿ ಅಂದೆ. ಅವರು ಸುಮ್ಮನೆ ಕೂತರು. ಅವರು ಹಾಗೆ ಸುಮ್ಮನೆ ಕೂತದ್ದಕ್ಕೇ ನಾನು ಅತ್ತುಬಿಟ್ಟೆ.

ಅದಾದ ಮೇಲೆ ಅವರು ನನ್ನನ್ನು ಸುರಕ್ಷತಾ ಸಮಿತಿಗೆ ಹಾಕಿದರು. ಮೊದಲ ಸಭೆಯಲ್ಲಿ ಆಡಳಿತದವರು ಒಂದು ರಿಜಿಸ್ಟರ್ ತಂದಿಟ್ಟರು. ಇಡೀ ವರ್ಷದಲ್ಲಿ ಹಲ್ಲೆಯ ವರದಿ ಎರಡಂಕಿ ಮುಟ್ಟಿರಲಿಲ್ಲ. 'ನಮ್ಮಲ್ಲಿ ಅಂಥ ಸಮಸ್ಯೆಯೇನೂ ಇಲ್ಲ' ಅಂದರು. ಸುತ್ತ ಕೂತಿದ್ದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಲ್ಲಿದ್ದ ಏಳು ಜನರ ಏಟನ್ನು ಕೂಡಿಸಿದರೇ ಅದಕ್ಕಿಂತ ಜಾಸ್ತಿ ಆಗುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ನೋಡಿ. ಆರೋಗ್ಯ ಸಿಬ್ಬಂದಿಯಲ್ಲಿ ಶೇಕಡಾ 8ರಿಂದ 38ರಷ್ಟು ಮಂದಿ ಕೆಲಸದ ಅವಧಿಯಲ್ಲಿ ಯಾವಾಗಲಾದರೂ ಮೈಮೇಲೆ ಹಲ್ಲೆ ಅನುಭವಿಸಿರುತ್ತಾರೆ. ಬೈಗುಳ, ಬೆದರಿಕೆ ಇದಕ್ಕೆ ಸೇರಿಲ್ಲ. ಇಷ್ಟೆಲ್ಲ ಆಗುತ್ತಿದ್ದರೂ ರಿಜಿಸ್ಟರ್ ಯಾಕೆ ಖಾಲಿ? ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಹುಡುಕಿತ್ತು. ಹಿಂದಿನ ಒಂದು ವರ್ಷದಲ್ಲಿ ತಮ್ಮ ಮೇಲೆ ದೌರ್ಜನ್ಯ ಆಗಿದೆ ಎಂದ ಆಸ್ಪತ್ರೆ ಸಿಬ್ಬಂದಿಯಲ್ಲಿ ಶೇಕಡಾ 88 ಮಂದಿ ಅದನ್ನು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ದಾಖಲಿಸಿರಲೇ ಇಲ್ಲ. ನಾನು 17 ವರ್ಷ ಆ 88ರಲ್ಲಿ ಒಬ್ಬಳಾಗಿದ್ದೆ.

ಆಡಳಿತದವರ ಎರಡನೇ ಮಾತು ಇನ್ನೂ ಚೆನ್ನಾಗಿತ್ತು: 'ಹೊಡೆಯೋರು ಹೊರಗಿನವರು. ಅದಕ್ಕೆ ನಾವು ಹೇಗೆ ಜವಾಬ್ದಾರರು?' ಸಮಿತಿಯಲ್ಲಿ ಲ್ಯಾಬಿನ ಹಿರಿಯರೊಬ್ಬರಿದ್ದರು. ಜಾಸ್ತಿ ಮಾತಾಡುವವರಲ್ಲ. ಅವರು ಬ್ಯಾಗಿನಿಂದ ಕಾಗದ ತೆಗೆದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಕೆಲಸದ ಜಾಗದ ಹಿಂಸೆ ಮತ್ತು ಕಿರುಕುಳದ ಬಗ್ಗೆ 190ನೇ ಒಪ್ಪಂದ ಮಾಡಿತು. ಅದರ ಜೊತೆಗೆ ಬಂದ 206ನೇ ಶಿಫಾರಸಿನಲ್ಲಿ, ಕೆಲಸದ ಅಪಾಯ ಲೆಕ್ಕ ಹಾಕುವಾಗ ಗ್ರಾಹಕರು, ರೋಗಿಗಳು, ಸಾರ್ವಜನಿಕರಿಂದ ಬರುವ ಅಪಾಯವನ್ನೂ ಸೇರಿಸಬೇಕು ಅಂತ ಸ್ಪಷ್ಟವಾಗಿದೆ. ಹಿಂಸೆಗೆ ಹೆಚ್ಚು ಸಿಗುವ ಕೆಲಸಗಳ ಪಟ್ಟಿಯಲ್ಲಿ ಆರೋಗ್ಯ ಕ್ಷೇತ್ರವೂ ಇದೆ, ರಾತ್ರಿ ಪಾಳಿಯೂ ಇದೆ. ಅವರು ಅದನ್ನು ಓದಿ, ಕನ್ನಡಕ ತೆಗೆದಿಟ್ಟು, 'ನೆಲ ಒದ್ದೆಯಾಗಿ ಯಾರಾದರೂ ಜಾರಿ ಬಿದ್ದರೆ ಮಳೆ ಹೊರಗಿನದು ಅಂತೀವಾ?' ಅಂದರು. ಆವತ್ತು ಆ ಚರ್ಚೆ ಅಲ್ಲಿಗೆ ನಿಂತಿತು.

ನಾವು ಮೊದಲು ಮಾಡಿದ್ದು ತುಂಬಾ ಸರಳ ಕೆಲಸ. ಕಟ್ಟಡದ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ ಸಿಬ್ಬಂದಿ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಅಂಟಿಸಿದೆವು. ಪಕ್ಕದಲ್ಲಿ ಮೂರು ಬಣ್ಣದ ಸ್ಟಿಕರ್. ಹೊಡೆತಕ್ಕೆ ಕೆಂಪು, ಬೆದರಿಕೆಗೆ ಹಳದಿ, ಬೈಗುಳಕ್ಕೆ ನೀಲಿ. ಹೆಸರು ಬೇಡ, ಫಾರ್ಮ್ ಬೇಡ. ಎಲ್ಲಿ ಆಯಿತೋ ಅಲ್ಲಿ ಅಂಟಿಸಿ ಅಷ್ಟೇ. ಒಂದು ತಿಂಗಳು ಬಿಟ್ಟೆವು. ನೀಲಿ ಸ್ಟಿಕರ್ ಎರಡು ಸಲ ಖಾಲಿಯಾಯಿತು.

ತುರ್ತು ವಿಭಾಗದಲ್ಲಿ ಬಣ್ಣ ತುಂಬಿತ್ತು, ಅದು ನಿರೀಕ್ಷೆ ಇದ್ದದ್ದೇ. ಬಿಲ್ಲಿಂಗ್ ಕೌಂಟರ್, ಐಸಿಯು ಬಾಗಿಲು ಕೂಡ ಹಾಗೇ. ಆದರೆ ಕೆಂಪು ಚುಕ್ಕಿ ಎಲ್ಲಕ್ಕಿಂತ ದಟ್ಟವಾಗಿ ಬಿದ್ದಿದ್ದು ಎಲ್ಲಿ ಗೊತ್ತಾ? ವಯಸ್ಸಾದವರ ವಾರ್ಡಿನಲ್ಲಿ. ಅದೂ ಬೆಳಗಿನ ಸ್ನಾನದ ಹೊತ್ತಲ್ಲಿ. ನಾವೆಲ್ಲ ಕುಡಿದು ಬರುವವರನ್ನು, ಕೂಗಾಡುವ ಸಂಬಂಧಿಕರನ್ನು ಮನಸ್ಸಲ್ಲಿಟ್ಟುಕೊಂಡಿದ್ದೆವು. ಮೈಮೇಲೆ ಅತಿ ಹೆಚ್ಚು ಗಾಯ ಮಾಡಿಕೊಂಡವರು ಆ ವಾರ್ಡಿನ ಆಯಾಗಳು. ಅವರ ಮೊಣಕೈ ಕೆಳಗೆ ಉಗುರಿನ ಗೀರು, ಚಿವುಟಿದ ನೀಲಿ ಕಲೆ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ನಾನು ಆ ವಾರ್ಡಿನಲ್ಲಿ ನಿಂತು ನೋಡಿದೆ. ಎಂಬತ್ತರ ಆಸುಪಾಸಿನ ಅಜ್ಜ. ಕನ್ನಡಕ ಮೇಜಿನ ಮೇಲೆ, ಕಿವಿಯ ಯಂತ್ರ ಡಬ್ಬಿಯಲ್ಲಿ. ಆಯಾ ಹಿಂದಿನಿಂದ ಬಂದು ಅಂಗಿಗೆ ಕೈ ಹಾಕಿದಳು. ಅವಳಿಗೆ ಹತ್ತು ಜನರ ಸ್ನಾನ ಮುಗಿಸುವ ಆತುರ. ಅಜ್ಜನಿಗೆ ಕಂಡದ್ದೇನು? ಮಂಜು ಮಂಜಾಗಿ ಯಾರೋ ಬಂದು ಬಟ್ಟೆ ಕಳಚುತ್ತಿದ್ದಾರೆ. ಅವರು ಕೈ ಬೀಸಿದರು. ಅವಳ ತುಟಿ ಒಡೆಯಿತು. ಆ ಅಜ್ಜನಿಗೆ ಮೂತ್ರದ ಸೋಂಕು ಇತ್ತು, ಅದರಿಂದ ಡೆಲಿರಿಯಂ, ಅಂದರೆ ಹಿಂದಿನವರು ಹೇಳುತ್ತಿದ್ದ ಸನ್ನಿ. ಮಧ್ಯಾಹ್ನ ಅವರಿಗೆ ಅದೊಂದೂ ನೆನಪಿರಲಿಲ್ಲ.

ಅಲ್ಲಿಗೆ ಗಾರ್ಡ್ ಹಾಕಿದರೆ ಏನು ಉಪಯೋಗ? ಅಲ್ಲಿ ಬೇಕಾಗಿದ್ದದ್ದು ಬೇರೆ. ಮೊದಲು ಕನ್ನಡಕ, ಕಿವಿಯ ಯಂತ್ರ. ಆಮೇಲೆ ಎದುರಿನಿಂದ ಬರೋದು, ಹೆಸರು ಹೇಳೋದು, ಏನು ಮಾಡ್ತೀವಿ ಅಂತ ಹೇಳಿ ಮುಟ್ಟೋದು. ಬೇಡ ಅಂದರೆ ಸ್ನಾನ ಸಂಜೆಗೆ. ಸ್ನಾನ ಬೆಳಿಗ್ಗೆ ಎಂಟರೊಳಗೇ ಮುಗಿಯಬೇಕು ಅನ್ನುವ ನಿಯಮ ಯಾರು ಮಾಡಿದ್ದು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಆ ನಿಯಮ ತೆಗೆದು ಹಾಕಿದ್ದೇ ಅಲ್ಲಿನ ದೊಡ್ಡ ಸುರಕ್ಷತಾ ಕ್ರಮ ಅಂತ ನನ್ನ ಲೆಕ್ಕ. ಅದಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ.

ಆಮೇಲೆ ಇಡೀ ಆಸ್ಪತ್ರೆ ಸುತ್ತಿದೆವು. ಹಗಲಲ್ಲಿ ಅಲ್ಲ, ರಾತ್ರಿ ಎರಡಕ್ಕೆ. ಹಗಲು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸ್ಕ್ಯಾನಿಂಗ್ ಕಡೆಯ ಕಾರಿಡಾರಿನಲ್ಲಿ ಮೂರರಲ್ಲಿ ಎರಡು ದೀಪ ಆರಿದ್ದವು. ಮೊದಲ ಪರೀಕ್ಷೆ ಮಾಡುವ ಟ್ರಯಾಜ್ ಕೋಣೆಗೆ ಒಂದೇ ಬಾಗಿಲು. ನರ್ಸಿನ ಕುರ್ಚಿ ಮೂಲೆಯಲ್ಲಿ, ರೋಗಿಯ ಕುರ್ಚಿ ಬಾಗಿಲ ಕಡೆ. ಏನಾದರೂ ಆದರೆ ಅವಳು ರೋಗಿಯನ್ನು ದಾಟಿಯೇ ಹೊರಗೆ ಹೋಗಬೇಕು. ಎಷ್ಟು ವರ್ಷದಿಂದ ಹಾಗೆ ಕೂತಿದ್ದೆವೋ! ಆವತ್ತೇ ಮೇಜು ತಿರುಗಿಸಿದೆವು. ನಾಲ್ಕು ಜನ, ಹತ್ತು ನಿಮಿಷದ ಕೆಲಸ. ಕೈಗೆ ಸಿಗುವ ಹಾಗೆ ಇಟ್ಟಿದ್ದ ಕತ್ತರಿ, ಸ್ಟೀಲ್ ಟ್ರೇ, ಆಕ್ಸಿಜನ್ ಸಿಲಿಂಡರಿನ ಸ್ಪ್ಯಾನರ್ ಎಲ್ಲ ಡ್ರಾಯರಿನೊಳಗೆ ಹೋದವು.

ಅಲಾರಂ ಗುಂಡಿಯ ಕಥೆ ಹೇಳಲೇಬೇಕು. ಕೌಂಟರಿನ ಕೆಳಗೆ ಕೆಂಪು ಗುಂಡಿ ಇತ್ತು. ಅದನ್ನು ನೋಡಿಕೊಂಡೇ ನಾವೆಲ್ಲ ಧೈರ್ಯವಾಗಿದ್ದೆವು. ಒತ್ತಿ ನೋಡೋಣ ಅಂದೆ. ಒತ್ತಿದೆವು. ಕಾದೆವು. ಐದು ನಿಮಿಷವಾಯಿತು, ಯಾರೂ ಬರಲಿಲ್ಲ. ತಂತಿ ಹಿಡಿದು ಹುಡುಕುತ್ತಾ ಹೋದರೆ ಗಂಟೆ ಹೊಡೆಯುತ್ತಿದ್ದದ್ದು ಹಳೆಯ ಗಾರ್ಡ್ ರೂಮಿನಲ್ಲಿ. ಗಾರ್ಡ್ ರೂಮ್ ಮುಖ್ಯ ಗೇಟಿಗೆ ಹೋಗಿ ಯಾವ ಕಾಲವಾಗಿತ್ತೋ. ಈಗ ಅದು ಬೆಡ್‌ಶೀಟಿನ ಗೋಡೌನ್. ಕತ್ತಲಲ್ಲಿ, ಬೆಡ್‌ಶೀಟುಗಳ ಮಧ್ಯೆ, ಗಂಟೆ ಪಾಪ ತನ್ನ ಪಾಡಿಗೆ ತಾನು ಹೊಡೆದುಕೊಳ್ಳುತ್ತಿತ್ತು. ನಗು ಬಂತು. ಮನೆಗೆ ಹೋದ ಮೇಲೆ ನಗು ಬರಲಿಲ್ಲ.

ಕೋಡ್ ಹೆಸರಿನ ಬಗ್ಗೆಯೂ, ಅಂದರೆ ಹಲ್ಲೆಯ ಹೊತ್ತಲ್ಲಿ ಸಹಾಯ ಕರೆಯಲು ಮೈಕಿನಲ್ಲಿ ಹೇಳುವ ಗುಟ್ಟಿನ ಹೆಸರಿನ ಬಗ್ಗೆಯೂ, ಸಣ್ಣ ಜಗಳವಾಯಿತು. ಕೆನಡಾದ ಆಸ್ಪತ್ರೆಗಳಲ್ಲಿ ಇಂಥ ಹೊತ್ತಿಗೆ 'ಕೋಡ್ ವೈಟ್' ಅಂತಾರೆ. ಬೇರೆ ಎಷ್ಟೋ ಕಡೆ 'ಕೋಡ್ ಗ್ರೇ'. ನಮ್ಮಲ್ಲಿ ಬೇರೆ ಬೇರೆ ಕಡೆ ಕೆಲಸ ಮಾಡಿ ಬಂದವರಿದ್ದರು, ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಬಣ್ಣ. ಕೊನೆಗೆ ಬಣ್ಣವೇ ಬೇಡ ಅಂತಾಯಿತು. 'ಟ್ರಯಾಜ್ ಕೋಣೆಗೆ ಭದ್ರತಾ ಸಹಾಯ ಬೇಕು' ಅಂತ ನೇರವಾಗಿ ಮೈಕಿನಲ್ಲಿ ಹೇಳುವುದು. ಹೊಸಬರಿಗೂ ಅರ್ಥವಾಗುತ್ತದೆ.

ಕಾಯುವ ಜಾಗದ ವಿಚಾರದಲ್ಲಿ ನಮಗೆ ದಾರಿ ತೋರಿಸಿದ್ದು ಬ್ರಿಟನ್ನಿನ ಒಂದು ಪ್ರಯೋಗ. ಅಲ್ಲಿನ ಡಿಸೈನ್ ಕೌನ್ಸಿಲ್ ತುರ್ತು ವಿಭಾಗದ ಜಗಳ ಕಡಿಮೆ ಮಾಡಲು ವಿನ್ಯಾಸಕಾರರನ್ನು ಕರೆಸಿತ್ತು. ಅವರು ಮಾಡಿದ್ದು ದೊಡ್ಡ ದೊಡ್ಡ ಫಲಕ. ನೀವೀಗ ಎಲ್ಲಿದ್ದೀರಿ, ಮುಂದೆ ಏನಾಗುತ್ತೆ, ಯಾಕೆ ಕಾಯಬೇಕು, ಅಷ್ಟೇ. ಸೌತಾಂಪ್ಟನ್‌ನ ಮತ್ತು ಲಂಡನ್ನಿನ ಒಂದೊಂದು ಆಸ್ಪತ್ರೆಯಲ್ಲಿ ಹಾಕಿ ನೋಡಿದರು. ಬೆದರಿಸುವ ವರ್ತನೆ ಅರ್ಧಕ್ಕೆ ಇಳಿಯಿತು. ಓದಿದಾಗ ನನಗೆ ನೆನಪಾದದ್ದು ನನ್ನ ಫಾರ್ಮಿನ ಮೂರನೇ ಪುಟ. ಆಮೇಲೆ ಬಂದ ಇಬ್ಬರನ್ನು ಮೊದಲು ಕರೆದದ್ದು ಯಾಕೆ ಅಂತ ಗೋಡೆಯಾದರೂ ಆತನಿಗೆ ಹೇಳಬಹುದಿತ್ತು.

ನಮ್ಮ ಫಲಕದ ಮೊದಲ ಕರಡು ಆಡಳಿತದಿಂದ ಬಂತು: 'ಸಿಬ್ಬಂದಿ ಮೇಲೆ ಹಲ್ಲೆ ಮಾಡುವುದು ಶಿಕ್ಷಾರ್ಹ ಅಪರಾಧ'. ಕೆಂಪು ಅಕ್ಷರ, ಕೈಕೋಳದ ಚಿತ್ರ. ಅದೂ ಇರಲಿ ಅಂದೆವು. ಆದರೆ ಹೊಟ್ಟೆನೋವಿನಿಂದ ಒದ್ದಾಡುವ ಮಗುವನ್ನು ಎತ್ತಿಕೊಂಡು ಬಂದವರಿಗೆ ಮೊದಲು ಕಾಣಬೇಕಾದದ್ದು ಕೈಕೋಳ ಅಲ್ಲ ಅಲ್ವಾ? ಬಾಗಿಲಲ್ಲಿ ದೊಡ್ಡದಾಗಿ ಹಾಕಿದ್ದು ಇನ್ನೊಂದು: 'ಇಲ್ಲಿ ಮೊದಲು ಬಂದವರಿಗಲ್ಲ, ಜೀವಕ್ಕೆ ಹೆಚ್ಚು ಅಪಾಯ ಇರುವವರಿಗೆ ಮೊದಲ ಸರದಿ.' ಅದರ ಜೊತೆ ಅರ್ಧ ಗಂಟೆಗೊಮ್ಮೆ ಒಬ್ಬರು ಕಾಯುವವರ ಮಧ್ಯೆ ಓಡಾಡಿ, ಇನ್ನೆಷ್ಟು ಹೊತ್ತು, ನೋವು ಹೇಗಿದೆ ಅಂತ ಕೇಳಿ ಬರಬೇಕು. ಇದಕ್ಕೆ ಜನ ಬೇಕು. ಜನ ಕೊಡಲು ಆಡಳಿತ ಒಪ್ಪಲು ನಾಲ್ಕು ತಿಂಗಳು ಹಿಡಿಯಿತು. 'ಕ್ಯಾಮೆರಾ ಹಾಕಿದ್ದೀವಲ್ಲ' ಅಂತಲೇ ಇದ್ದರು. ಕ್ಯಾಮೆರಾ ಬೇಕು ನಿಜ. ನನ್ನ ಒಂಬತ್ತು ಸೆಕೆಂಡನ್ನು ಅದು ಬಹಳ ಸ್ಪಷ್ಟವಾಗಿ ತೆಗೆದಿತ್ತು. ತಡೆದಿರಲಿಲ್ಲ.

ತರಬೇತಿ ಎರಡು ದಿನ ಇತ್ತು. ನಾನು ಸ್ವಲ್ಪ ಅಹಂಕಾರದಲ್ಲೇ ಹೋದೆ. 17 ವರ್ಷದಲ್ಲಿ ಎಷ್ಟು ಜನರನ್ನು ಸಮಾಧಾನ ಮಾಡಿಲ್ಲ ನಾನು? ತರಬೇತುದಾರ ಮೊದಲೇ ಕೇಳಿದ: 'ಸಿಟ್ಟಲ್ಲಿರೋರಿಗೆ ಏನು ಹೇಳ್ತೀರಿ?' ಎಲ್ಲರೂ ಒಟ್ಟಿಗೆ 'ಸಮಾಧಾನ ಮಾಡ್ಕೊಳ್ಳಿ' ಅಂದೆವು. 'ನಿಮಗೆ ಸಿಟ್ಟು ಬಂದಾಗ ಯಾರಾದರೂ ಹಾಗಂದರೆ ಏನಾಗುತ್ತೆ?' ಅಂದ. ಎಲ್ಲರೂ ನಕ್ಕೆವು. ಆ ಮಾತನ್ನು ಆವತ್ತಿನಿಂದ ಬಿಟ್ಟಿದ್ದೇನೆ.

ಎರಡು ತೋಳಿನಷ್ಟು ದೂರ ನಿಲ್ಲಬೇಕು. ನೇರ ಎದುರು ಅಲ್ಲ, ಸ್ವಲ್ಪ ಓರೆಯಾಗಿ. ಅಂಗೈ ಕಾಣುವ ಹಾಗೆ ಇರಬೇಕು, ಬೆನ್ನ ಹಿಂದೆ ಕೈ ಬೇಡ. ಒಬ್ಬರೇ ಮಾತಾಡಬೇಕು. ಇದು ನಮಗೆ ಬಹಳ ಕಷ್ಟವಾಯಿತು. ಗಲಾಟೆ ಆಯಿತು ಅಂದರೆ ಐದು ಜನ ಓಡಿ ಬಂದು ಐದೂ ಬಾಯಲ್ಲಿ ಬುದ್ಧಿ ಹೇಳುವುದು ನಮ್ಮ ಅಭ್ಯಾಸ. ಕೇಳುವವನಿಗೆ ಅದು ಗುಂಪು ಮೈಮೇಲೆ ಬಂದ ಹಾಗೆ. ಮಣಿಕಟ್ಟು ಹಿಡಿದರೆ ಹಿಂದಕ್ಕೆ ಎಳೆಯಬಾರದು, ಹಿಡಿದವರ ಹೆಬ್ಬೆರಳಿನ ಕಡೆಗೆ ತಿರುಗಿಸಬೇಕು, ಆ ಹಿಡಿತದಲ್ಲಿ ದುರ್ಬಲ ಜಾಗ ಅದೇ. ರೋಗಿಯನ್ನು ಹಿಡಿಯಲೇಬೇಕಾದರೆ ಮುಖ ಅಡಿಯಾಗಿ ಮಲಗಿಸಿ ಒತ್ತಿ ಹಿಡಿಯಬಾರದು, ಉಸಿರು ಕಟ್ಟಿ ಪ್ರಾಣವೇ ಹೋಗಬಹುದು. ಇಷ್ಟೆಲ್ಲ ಕಲಿಸಿ ಕೊನೆಗೆ ಅವನು ಹೇಳಿದ್ದು, 'ಬಾಗಿಲು ಹತ್ತಿರ ಇದ್ದರೆ ಇದ್ಯಾವುದೂ ಮಾಡಬೇಡಿ, ಹೊರಗೆ ಹೋಗಿ.'

ಅಲ್ಲೇ, ರೋಗಿ ಹಲ್ಲೆ ಮಾಡಬಹುದಾ ಅಂತ ಮೊದಲೇ ಅಂದಾಜು ಮಾಡುವ ಬ್ರೋಸೆಟ್ ಪಟ್ಟಿಯ ಪರಿಚಯವೂ ಆಯಿತು. ನಾರ್ವೆಯಲ್ಲಿ, ಮನೋರೋಗ ವಾರ್ಡುಗಳಿಗಾಗಿ ಹುಟ್ಟಿದ್ದು. ಆರೇ ಗುರುತು. ಗೊಂದಲ, ಕಿರಿಕಿರಿ, ಗದ್ದಲದ ವರ್ತನೆ, ಮಾತಿನ ಬೆದರಿಕೆ, ಮೈ ಮೇಲೆ ಬರುವ ಬೆದರಿಕೆ, ವಸ್ತುಗಳ ಮೇಲೆ ಸಿಟ್ಟು ತೀರಿಸುವುದು. ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಒಟ್ಟು ಎರಡು ದಾಟಿದರೆ ಮುಂದಿನ 24 ಗಂಟೆಯಲ್ಲಿ ಹಲ್ಲೆಯ ಅಪಾಯ ಜಾಸ್ತಿ, ಈಗಲೇ ಏನಾದರೂ ಮಾಡಿ ಅಂತ ಅರ್ಥ. ಮೊದಲು ನೋಡಿದಾಗ ಮೂಗು ಮುರಿದೆ. ಇಷ್ಟು ಗೊತ್ತಾಗಲ್ವಾ ನಮಗೆ? ಗೊತ್ತಾಗುತ್ತೆ, ನಿಜ. ಆದರೆ ನನಗೆ ಗೊತ್ತಾದದ್ದು ಮುಂದಿನ ಪಾಳಿಯವಳಿಗೆ ಗೊತ್ತಾಗಲ್ಲ. ಈಗ ಡ್ಯೂಟಿ ಬದಲಾಗುವಾಗ ಬಿಪಿ, ಜ್ವರದ ಜೊತೆ ಆ ಅಂಕವನ್ನೂ ಹೇಳುತ್ತೇವೆ.

ತರಬೇತಿಯ ಬಗ್ಗೆ ಇನ್ನೊಂದು ಮಾತು. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವ ಕಾಕ್ರನ್ ಸಂಸ್ಥೆಯ 2020ರ ವಿಮರ್ಶೆಯನ್ನು ಆಮೇಲೆ ಓದಿದೆ. ತರಬೇತಿಯಿಂದ ತಿಳಿವಳಿಕೆ ಹೆಚ್ಚಬಹುದು, ಆದರೆ ಹಲ್ಲೆಯ ಸಂಖ್ಯೆ ಅದರಿಂದಲೇ ಕಡಿಮೆ ಆಗದಿರಬಹುದು ಅಂತ ಅದರಲ್ಲಿದೆ. ನನಗೆ ಬೇಜಾರಾಗಲಿಲ್ಲ. ಜನ ಕಡಿಮೆ, ದೀಪ ಇಲ್ಲ, ಗಂಟೆ ಗೋಡೌನಿನಲ್ಲಿ. ಹೀಗಿರುವಾಗ ನರ್ಸಿಗೆ ಎರಡು ದಿನ ಪಾಠ ಹೇಳಿ 'ಇನ್ನು ನಿನ್ನ ಜವಾಬ್ದಾರಿ' ಅಂದರೆ ಹೇಗೆ ಕಡಿಮೆಯಾಗುತ್ತೆ? ಆ ಕಾಗದದ ಪ್ರತಿ ತೆಗೆದು ಮುಂದಿನ ಸಭೆಗೆ ಒಯ್ದೆ.

ಎಲ್ಲ ಮುಗಿಯುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ಒಂದು ರಾತ್ರಿ ನಡುವಯಸ್ಸಿನವರೊಬ್ಬರನ್ನು ಯಾರೋ ರಸ್ತೆಯಿಂದ ಎತ್ತಿಕೊಂಡು ಬಂದರು. ಬೆವರಿ ತೊಪ್ಪೆಯಾಗಿದ್ದರು. ಕೂಗುತ್ತಿದ್ದರು, ಮಾತು ತೊದಲುತ್ತಿತ್ತು. 'ಕುಡಿದಿದ್ದಾನೆ, ಕಟ್ಟಿಹಾಕಿ' ಅಂದರು ತಂದವರು. ರೋಗಿ ಬೆಡ್ಡಿನ ಕಂಬಿಗೆ ಒದ್ದರು. ಮನಸ್ಸಲ್ಲೇ ಲೆಕ್ಕ ಹಾಕಿದೆ. ಗೊಂದಲ ಒಂದು, ಗದ್ದಲ ಎರಡು, ಕಂಬಿಗೆ ಒದ್ದದ್ದು ಮೂರು. ಗಾರ್ಡ್‌ಗೆ ಕರೆ ಹೋಯಿತು. ಈ ಸಲ ಗಂಟೆ ಸರಿಯಾದ ಜಾಗದಲ್ಲೇ ಹೊಡೆಯಿತು, ಇಬ್ಬರು ಬಂದರು. ಅವರನ್ನು ಬಾಗಿಲ ಹತ್ತಿರ ನಿಲ್ಲಿಸಿ ನಾನೊಬ್ಬಳೇ ಮಾತಾಡಿದೆ. ಏನು ಮಾತಾಡಿದೆ ಅಂತ ನೆನಪಿಲ್ಲ, ಹೆಸರು ಕೇಳುತ್ತಿದ್ದೆ ಅನಿಸುತ್ತೆ. ಬಾಯಿಂದ ಹೆಂಡದ ವಾಸನೆ ಬರುತ್ತಿರಲಿಲ್ಲ. ಜೊತೆಯವಳು ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದಳು. 34. ಸಕ್ಕರೆ ಪಾತಾಳಕ್ಕೆ ಇಳಿದಿತ್ತು.

ರಕ್ತನಾಳಕ್ಕೆ ಗ್ಲೂಕೋಸ್ ಹೋಯಿತು. ಐದಾರು ನಿಮಿಷ ಇರಬೇಕು. ಕೂಗು ನಿಂತಿತು. ಅವರು ಸುತ್ತ ನೋಡಿ, ತಮ್ಮ ಒದ್ದೆ ಅಂಗಿ ನೋಡಿಕೊಂಡು, 'ನಾನು ಯಾರಿಗಾದರೂ ಏನಾದರೂ ಮಾಡಿದ್ನಾ?' ಅಂದರು. ಮಾಡಿದ್ದರು. ಸೂಜಿ ಹಾಕುವಾಗ ನನ್ನ ಮೊಣಕಾಲಿಗೆ ಚೆನ್ನಾಗಿ ಒದ್ದಿದ್ದರು. 'ಏನಿಲ್ಲ ಬಿಡಿ' ಅಂದೆ. ಆಮೇಲೆ ಹೋಗಿ ಫಾರ್ಮ್ ಬರೆದೆ. ಅವರ ಮೇಲೆ ದೂರಲ್ಲ ಅದು. ಹೀಗೆ ಗೊಂದಲದಲ್ಲಿರುವವರು ಬಂದರೆ ಮೊದಲು ಸಕ್ಕರೆ ನೋಡುವ ಯಂತ್ರ ಕೈಗೆ ಸಿಗುವ ಜಾಗದಲ್ಲಿರಬೇಕು, ಆವತ್ತು ಅದನ್ನು ಹುಡುಕಲು ಎರಡು ನಿಮಿಷ ಹೋಯಿತು. ಬರೆದದ್ದು ಅದಕ್ಕೆ.

ಹೀಗೆಲ್ಲ ಹೇಳಿದರೆ ಎಲ್ಲ ಸರಿಹೋಯಿತು ಅನ್ನಿಸಬಹುದು. ಇಲ್ಲ. ಅದೇ ತಿಂಗಳು ಐಸಿಯು ಬಾಗಿಲಲ್ಲಿ, ಸಾವಿನ ಸುದ್ದಿ ಹೇಳಲು ಹೋದ ನಮ್ಮ ಕಿರಿಯ ನರ್ಸಿಗೆ ಕೆನ್ನೆಗೆ ಬಿತ್ತು. ಅವಳು ನಿಂತಿದ್ದ ಜಾಗ ಸರಿ, ದೂರ ಸರಿ, ಮಾತೂ ಸರಿ. ಕ್ಯಾಮೆರಾದಲ್ಲಿ ಮೂರು ಸಲ ನೋಡಿದೆವು, ಅವಳು ಬೇರೆ ಏನು ಮಾಡಬಹುದಿತ್ತು ಅಂತ ಹೇಳಲು ಯಾರಿಗೂ ತೋಚಲಿಲ್ಲ. ಒಂದೇ ಒಂದು ವಿಷಯ ಸಿಕ್ಕಿತು. ಆ ಸುದ್ದಿ ಹೇಳುವ ಕೆಲಸ ಅವಳದ್ದಾಗಿರಲಿಲ್ಲ, ಹಿರಿಯ ಡಾಕ್ಟರದ್ದು. ಅವರು ಇನ್ನೊಂದು ಕಡೆ ಇದ್ದರು, ಅವಳನ್ನು ಕಳಿಸಿದ್ದರು. ಈಗ ಸಾವಿನ ಸುದ್ದಿಯನ್ನು ಬಾಗಿಲಲ್ಲಿ ನಿಂತು ಹೇಳುವ ಹಾಗಿಲ್ಲ. ಕೋಣೆಯಲ್ಲಿ ಕೂರಿಸಿ, ಹಿರಿಯ ಡಾಕ್ಟರ್ ಬಂದೇ ಹೇಳಬೇಕು, ಜೊತೆಗೆ ಇನ್ನೊಬ್ಬರಿರಬೇಕು. ಅವಳು ಮಾತ್ರ ಹಗಲಿನ ಹೊರರೋಗಿ ವಿಭಾಗಕ್ಕೆ ಬದಲಾಯಿಸಿಕೊಂಡಳು. ಐಸಿಯುಗೆ ಬಾ ಅಂದರೆ ನಗುತ್ತಾಳೆ, ಬರುವುದಿಲ್ಲ.

ರಿಜಿಸ್ಟರಿನಲ್ಲಿ ಈಗ ವರದಿಗಳು ಮೊದಲಿಗಿಂತ ಎಷ್ಟೋ ಪಟ್ಟು ಜಾಸ್ತಿ. ಆಡಳಿತದವರು ಗಾಬರಿಯಾಗಿದ್ದರು, ಇಷ್ಟೆಲ್ಲ ಮಾಡಿದ ಮೇಲೆ ಹಲ್ಲೆ ಹೆಚ್ಚಾಯಿತಾ ಅಂತ. ಹೆಚ್ಚಾದದ್ದು ಬರೆಯುವುದು ಅಂತ ಲ್ಯಾಬಿನ ಹಿರಿಯರು ಎರಡು ಸಭೆ ವಿವರಿಸಬೇಕಾಯಿತು. ಫಾರ್ಮ್ ಈಗ ಒಂದೇ ಪುಟ. ಉದ್ದ ಕಡಿಮೆ ಮಾಡುವಾಗ ಮೂವತ್ತು ನಿಮಿಷದ ಪ್ರಶ್ನೆಯನ್ನೂ ತೆಗೆಯಲು ಹೊರಟಿದ್ದರು. ಅದೊಂದಕ್ಕೆ ನಾನು ಜಗಳವಾಡಿದೆ.

ಪ್ರತಿ ಸೋಮವಾರ ಬೆಳಿಗ್ಗೆ ಕೆಂಪು ಗುಂಡಿ ಒತ್ತಿ ನೋಡುವ ಕೆಲಸ ನನ್ನದು. ಗಾರ್ಡ್ ಬರುವವರೆಗೆ ವಾಚ್ ನೋಡುತ್ತಾ ನಿಂತಿರುತ್ತೇನೆ, ಅವರೂ ಬೈದುಕೊಂಡೇ ಓಡಿ ಬರುತ್ತಾರೆ. ಆ ನೀಲಿ ಪಟ್ಟಿಯನ್ನು ಬದಲಾಯಿಸಿದರು. ಈಗಿನದಕ್ಕೆ ಕುತ್ತಿಗೆಯ ಹಿಂದೆ ಒಂದು ಪ್ಲಾಸ್ಟಿಕ್ ಕೊಂಡಿ ಇದೆ, ಎಳೆದರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬೆಡ್ಡಿನ ಕಂಬಿಗೆ, ಡ್ರಿಪ್ ಸ್ಟ್ಯಾಂಡಿಗೆ, ಬಾಗಿಲ ಹಿಡಿಗೆ ಸಿಕ್ಕಿಕೊಂಡು ಪಾಳಿಗೆ ಮೂರು ಸಲವಾದರೂ ಬಿಚ್ಚಿ ನೆಲಕ್ಕೆ ಬೀಳುತ್ತದೆ. ಪ್ರತಿ ಸಲ ಬಗ್ಗಿ ಎತ್ತಿಕೊಂಡು, ಬೈದುಕೊಂಡು, ಮತ್ತೆ ಹಾಕಿಕೊಳ್ಳುತ್ತೇನೆ.